ಅಲ್ಪಮಾತ್ರೆಯ ಅರಿವಳಿಕೆ: ಒಂದು ಐತಿಹಾಸಿಕ ವಿಮರ್ಶೆ

೧. ವಿಷಯಪ್ರವೇಶ

ಶಸ್ತ್ರಚಿಕಿತ್ಸೆಯ ಕಾಲದಲ್ಲಿ ರೋಗಿಗೆ ನೋವು ತಿಳಿಯದಿರಲೆಂದು ಉಸಿರಿನ ಮೂಲಕ ಕೊಡುವ ಅನಿಲಗಳಿಗೂ ಆವಿಗಳಿಗೂ ಕನ್ನಡದಲ್ಲಿ ‘ಅರಿವಳಿಕೆ’ ಎಂಬ ಹೆಸರು ಈಗ ರೂಢವಾಗಿದೆ. ಅರಿವನ್ನು ಅಳಿಸುವುದು ಅರಿವಳಿಕೆ. ಶಬ್ದವು ಅಚ್ಚಗನ್ನಡದ್ದು, ಅರ್ಥವೂ ಸ್ಪಷ್ಟವಾದುದು. ಪಾಶ್ಚಾತ್ಯರು ಇದೇ ಅರ್ಥದಲ್ಲಿ ಬಳಸುವ ‘ಅನಸ್ಥೀಸಿಯ’ ಎಂಬ ಪದವನ್ನು ಬಾಸ್ಟನ್ ನಗರದ ವೈದ್ಯನೂ ಸಾಹಿತಿಯೂ ಆದ ಆಲಿವರ್ ವೆಂಡೆಲ್ ಹೋಮ್ಸ್ ೧೮೪೬ರಲ್ಲಿ ಒಂದು ಪತ್ರದ ಮೂಲಕ ಸೂಚಿಸಿದನು. ಅದು ಗ್ರೀಕ್ ಭಾಷೆಯ ನಿಷೇಧಾರ್ಥಕವಾದ ಪೂರ್ವಪ್ರತ್ಯಯವೂ ‘ಸಂವೇದನೆ’ ಎಂಬರ್ಥದ ಪದವೂ ಕೂಡಿ ಆದುದು. ನಮ್ಮ ನಞ್‌ಸಮಾಸದಂತೆ ‘ಅಸಂವೇದನೆ’ ಎಂದು ಅದಕ್ಕೆ ಅರ್ಥ. ಗ್ರೀಕ್ ಪದವು ಸಂವೇದನೆಯ ಅಭಾವವನ್ನೂ ಕನ್ನಡ ಪದವು ಅರಿವಿನ ಅಭಾವವನ್ನೂ ಹೇಳುತ್ತವೆ. ಎರಡೂ ಪೂರ್ಣಮಾತ್ರೆಯ ಫಲವನ್ನು ನೋಡಿ ಇಟ್ಟ ಹೆಸರುಗಳು.

ಆದರೆ ಪೂರ್ಣಮಾತ್ರೆಗಿಂತ ಬಹಳ ಕಡಮೆಯಾದ ಪ್ರಮಾಣದಲ್ಲಿ ಇದೇ ದ್ರವ್ಯಗಳನ್ನು ಸೇವಿಸಿದಾಗ ಅರಿವು ಅಳಿಯುವುದಿಲ್ಲ, ಮಾರ್ಪಡುತ್ತದೆ. ಒಬ್ಬನಿಗೆ ಹರ್ಷ, ಇನ್ನೊಬ್ಬನಿಗೆ ಭಯ. ಒಬ್ಬನಿಗೆ ಮಾತು ಹೆಚ್ಚುವುದು, ಮತ್ತೊಬ್ಬನಿಗೆ ನಿದ್ರೆ ಬರುವುದು. ಕೈಯ ಕೆಲಸ ನಿಧಾನವಾಗುವುದು. ಈಗ ಕೇಳಿದ ಮಾತು ಮರುಗಳಿಗೆಯಲ್ಲಿ ನೆನಪಿಗೆ ಬಾರದು. ಈ ನಡುವಣ ಅವಸ್ಥೆಯನ್ನು ಕುರಿತು ಇನ್ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಪರೀಕ್ಷೆಗಳು ನಡೆದುಬಂದಿವೆ. ಅವುಗಳ ಇತಿಹಾಸವು ವೈದ್ಯರಿಗೆ ಮಾತ್ರ ಸಂಬಂಧಿಸಿದುದಲ್ಲ. ಮತ್ತನಾದವನು ತನ್ನ ಅನುಭವದ ವಿಷಯದಲ್ಲಿ ಹೇಳುವ ಮಾತು ಪ್ರಮಾಣವೇ, ಅಲ್ಲವೇ? ಕೆಲವರಲ್ಲಿ ಕಂಡುದನ್ನು ಎಲ್ಲರಿಗೂ ಅನ್ವಯಿಸುವುದು ಎಷ್ಟರಮಟ್ಟಿಗೆ ನ್ಯಾಯ್ಯ? ಈ ಪ್ರಶ್ನೆಗಳು ತರ್ಕಶಾಸ್ತ್ರಕ್ಕೂ ಕಾವ್ಯಮೀಮಾಂಸೆಗೂ ಸೇರಿದವು. ಆದುದರಿಂದಲೇ ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ರಸಪ್ರಕರಣವನ್ನು ಪಾಠಹೇಳುತ್ತಿರುವ ನಾನು ಈ ವಿಷಯದಲ್ಲಿ ಲೇಖನಿಯನ್ನು ಹಿಡಿದಿದ್ದೇನೆ. ರಸಾಯನದಲ್ಲಿ ನನಗೆ ಅಧಿಕಾರವಿಲ್ಲ. ಪ್ರಕಟವಾದ ವೃತ್ತಾಂತಗಳನ್ನು ಪ್ರಮಾಣವಿಚಾರದ ದೃಷ್ಟಿಯಿಂದ ಜೋಡಿಸಿ ನೋಡುವುದಷ್ಟೇ ಇಲ್ಲಿಯ ಉದ್ದೇಶ.

೨. ನಮ್ಮ ಶಾಸ್ತ್ರಗಳಲ್ಲಿ ಮದದ ಅವಸ್ಥೆಗಳು

ಪ್ರಕೃತಕ್ಕೆ ಬರುವ ಮೊದಲು ನಮ್ಮ ಪೂರ್ವಿಕರು ಇಂಥ ಅವಸ್ಥೆಯನ್ನು ಹೇಗೆ ವಿಭಾಗಿಸಿದ್ದರೆಂಬುದನ್ನು ಸಂಕ್ಷೇಪವಾಗಿ ಹೇಳುವುದು ಉಚಿತ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೨೪ನೆಯ ಅಧ್ಯಾಯವು ಮದಾತ್ಯಯವನ್ನು ಕುರಿತುದು. ಅಲ್ಲಿ ಮದಕ್ಕೆ ಮೂರು ಅವಸ್ಥೆಗಳು ಹೇಳಲ್ಪಟ್ಟಿವೆ. ಮೊದಲನೆಯದರಲ್ಲಿ ಹರ್ಷ, ಪ್ರೀತಿ, ಉಲ್ಲಾಸಗಳು. ಎರಡನೆಯದರಲ್ಲಿ ನೆನಪೂ ಮಾತೂ ತಡವರಿಸುವುವು. ಮೂರನೆಯದರಲ್ಲಿ ಮನುಷ್ಯನು ಕಡಿದು ಕೆಡಹಿದ ಮರದಂತೆ ನಿಶ್ಚೇಷ್ಟನಾಗುವನು. ಅದೇ ಅಧ್ಯಾಯದಲ್ಲಿ ಗಮನಿಸತಕ್ಕ ಇನ್ನೊಂದು ಮಾತುಂಟು: ಬೆಂಕಿಯು ಚಿನ್ನದ ಗುಣವನ್ನು ಹೊರಪಡಿಸುವಂತೆ ಮದ್ಯವು ಮನುಷ್ಯರ ಪ್ರಕೃತಿಯನ್ನು ಹೊರಪಡಿಸುತ್ತದೆ ಎಂಬುದು ಅದರ ಭಾವ. ಎಂದರೆ, ದ್ರವ್ಯವೊಂದೇ ಆದರೂ ಫಲವು ಸೇವಿಸಿದವನ ಸ್ವಭಾವಕ್ಕೆ ಅಧೀನವಾದುದು.

ಭರತನ ನಾಟ್ಯಶಾಸ್ತ್ರದಲ್ಲಿ ಮದವು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಒಂದು. ಅಲ್ಲಿಯೂ ತರುಣ, ಮಧ್ಯ, ಅವಕೃಷ್ಟ ಎಂದು ಅದು ಮೂರು ಬಗೆ. ಮತ್ತರಾದವರಲ್ಲಿ ಕೆಲವರು ಹಾಡುವರು, ಕೆಲವರು ಅಳುವರು, ಕೆಲವರು ನಗುವರು, ಕೆಲವರು ಕಠೋರವಾಗಿ ನುಡಿಯುವರು, ಕೆಲವರು ಮಲಗುವರು ಎಂದು ಹೇಳಿ, ಈ ಭೇದವನ್ನು ಉತ್ತಮ ಮಧ್ಯಮ ಅಧಮ ಪ್ರಕೃತಿಗಳೊಡನೆ ಜೋಡಿಸಿದೆ. ಸುಶ್ರುತನಾದರೋ ಶಸ್ತ್ರಕರ್ಮಕ್ಕೆ ಮುಂಚೆ, ನೋವನ್ನು ಸಹಿಸಲಾರದ ಮದ್ಯಪನಿಗೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದು ವಿಧಿಸಿರುವನು.

ಇದರಿಂದ ಈಗಿನ ಅನಿಲಗಳು ನಮ್ಮವರಿಗೆ ತಿಳಿದಿದ್ದವೆಂದು ಯಾರೂ ಭಾವಿಸಬಾರದು. ಮದ್ಯವು ಬೇರೆ, ಈ ಅನಿಲಗಳು ಬೇರೆ. ನಾನು ಇಲ್ಲಿ ತೆಗೆದುಕೊಳ್ಳುವುದು ಎರಡೇ ಅಂಶಗಳನ್ನು: ಮಾತ್ರೆಗೆ ತಕ್ಕಂತೆ ಅವಸ್ಥೆಗಳ ಕ್ರಮವುಂಟು ಎಂಬುದು ಒಂದು, ಫಲವು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗುತ್ತದೆ ಎಂಬುದು ಇನ್ನೊಂದು. ಇವೆರಡನ್ನೂ ಮರೆತಾಗಲೆಲ್ಲ ಮುಂದಿನ ಇತಿಹಾಸದಲ್ಲಿ ಪ್ರಮಾದಗಳಾದುವು ಎಂಬುದು ಈ ಲೇಖನದ ಪ್ರತಿಜ್ಞೆ.

೩. ಬ್ರಿಸ್ಟಲ್ ನಗರದ ಪರೀಕ್ಷೆಗಳು

ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನು ಜೋಸೆಫ್ ಪ್ರೀಸ್ಟ್ಲಿಯು ೧೭೭೨ರಲ್ಲಿ ಕಂಡುಹಿಡಿದನು. ಅದೇ ಮುಂದೆ ನಗೆಗಾಳಿ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಇದು ರೋಗಗಳನ್ನು ಹರಡುವ ವಿಷವಾಯುವೆಂದು ಅಮೆರಿಕದ ಸ್ಯಾಮ್ಯುಯೆಲ್ ಮಿಚಿಲ್ ವಾದಿಸಿದ್ದನು. ಈ ವಾದವನ್ನು ಪರೀಕ್ಷಿಸಿದವನು ಹಂಫ್ರಿ ಡೇವಿ. ೧೭೭೮ರಲ್ಲಿ ಕಾರ್ನ್‌ವಾಲ್ ಸೀಮೆಯ ಪೆನ್‌ಜಾನ್ಸ್ ಎಂಬ ಊರಿನಲ್ಲಿ ಹುಟ್ಟಿದ ಇವನು ಇನ್ನೂ ಇಪ್ಪತ್ತು ವರ್ಷ ತುಂಬುವ ಮುನ್ನವೇ, ೧೭೯೮ರ ಅಕ್ಟೋಬರಿನಲ್ಲಿ, ಬ್ರಿಸ್ಟಲ್ ನಗರಕ್ಕೆ ಬಂದನು. ಅಲ್ಲಿ ಥಾಮಸ್ ಬೆಡೋಸ್ ಎಂಬ ವೈದ್ಯನು ಅನಿಲಗಳಿಂದ ಕ್ಷಯಾದಿರೋಗಗಳನ್ನು ಗುಣಪಡಿಸಬಹುದೆಂಬ ಆಶೆಯಿಂದ ಒಂದು ಸಂಸ್ಥೆಯನ್ನು ೧೭೯೯ರಲ್ಲಿ ತೆರೆದನು. ಉಗಿಯಂತ್ರದಿಂದ ಪ್ರಸಿದ್ಧನಾದ ಜೇಮ್ಸ್ ವಾಟ್ ಅದಕ್ಕೆ ಬೇಕಾದ ಉಪಕರಣಗಳನ್ನು ರಚಿಸಿಕೊಟ್ಟನು.

ಡೇವಿಯು ಅಮೋನಿಯಂ ನೈಟ್ರೇಟ್ ಎಂಬ ಲವಣವನ್ನು ಕಾಯಿಸಿ ಅನಿಲವನ್ನು ಸಿದ್ಧಪಡಿಸಿ, ರೇಷ್ಮೆಯ ಚೀಲದಲ್ಲಿ ತುಂಬಿ, ೧೭೯೯ರ ಏಪ್ರಿಲಿನಲ್ಲಿ ತಾನೇ ಉಸಿರಾಡಿ ನೋಡಿದನು. ಸಾಯಲಿಲ್ಲ, ರೋಗವೂ ಬರಲಿಲ್ಲ, ಹೇಳಲಾಗದ ಹರ್ಷವುಂಟಾಯಿತು. ಅಲ್ಲಿಂದ ಮುಂದೆ ಸ್ನೇಹಿತರು, ರೋಗಿಗಳು, ಕವಿಗಳು ಎಲ್ಲರೂ ಈ ಪರೀಕ್ಷೆಗೆ ಒಳಗಾದರು. ಕವಿ ರಾಬರ್ಟ್ ಸದೆ, ಕವಿ ಕೋಲ್‌ರಿಜ್, ಪಿಂಗಾಣಿಯ ಉದ್ಯಮದಿಂದ ಹೆಸರಾದ ವೆಜ್‌ವುಡ್ ಮನೆತನದವರು, ಮುಂದೆ ಪರ್ಯಾಯಪದಕೋಶವನ್ನು ರಚಿಸಿದ ಪೀಟರ್ ರೋಜೆ ಇವರೆಲ್ಲರ ಹೆಸರುಗಳೂ ಆ ಪಟ್ಟಿಯಲ್ಲಿವೆ. ೧೮೦೦ರಲ್ಲಿ ಪ್ರಕಟವಾದ ಡೇವಿಯ ದೊಡ್ಡ ಗ್ರಂಥದ ನಾಲ್ಕನೆಯ ಭಾಗದಲ್ಲಿ ಇವರು ತಮ್ಮ ತಮ್ಮ ಅನುಭವಗಳನ್ನು ತಾವೇ ಬರೆದುಕೊಟ್ಟಿರುವರು.

ಈ ಭಾಗವು ಸಾಹಿತ್ಯವನ್ನು ಪಾಠಹೇಳುವವರು ಓದತಕ್ಕದ್ದು. ಹೊಸ ಅನುಭವಕ್ಕೆ ಮಾತು ಸಾಲದೆ ಬರೆಯುವವರು ಒದ್ದಾಡುವುದು ಅಲ್ಲಿ ಕಾಣುತ್ತದೆ. ಹಿಮದಲ್ಲಿ ನಡೆದುಬಂದವನು ಬೆಚ್ಚನೆಯ ಕೋಣೆಯನ್ನು ಹೊಕ್ಕಾಗ ಆಗುವ ಸುಖವನ್ನು ಕೋಲ್‌ರಿಜ್ ಉಪಮಾನವಾಗಿ ತರುತ್ತಾನೆ. ಒಂದೋ ಹೊಸ ಶಬ್ದಗಳನ್ನು ಕಲ್ಪಿಸಬೇಕು, ಇಲ್ಲವೇ ಹಳೆಯ ಶಬ್ದಗಳಿಗೆ ಹೊಸ ಅರ್ಥವನ್ನು ಕೊಡಬೇಕು ಎಂಬ ಅಭಿಪ್ರಾಯವನ್ನು ಇನ್ನೊಬ್ಬನು ಸೂಚಿಸಿದ್ದಾನೆ. ಅಭಿಧೆಯು ಕೈಬಿಟ್ಟಲ್ಲಿ ಲಕ್ಷಣೆಯ ಮೊರೆಹೋಗುವ ಈ ಕ್ರಮವು ನಮಗೆ ಅಪರಿಚಿತವಲ್ಲ.

೧೭೯೯ರ ಡಿಸೆಂಬರ್ ೨೬ರಂದು ಡೇವಿಯು ಗಾಳಿಯಾಡದಂತೆ ಮುಚ್ಚಿದ ಒಂದು ಪೆಟ್ಟಿಗೆಯಲ್ಲಿ ಒಂದು ಗಂಟೆಗೂ ಮಿಕ್ಕು ಕುಳಿತು, ಆ ಬಳಿಕ ಚೀಲದಿಂದಲೂ ಅನಿಲವನ್ನು ಸೇವಿಸಿದನು. ಎಚ್ಚರಗೊಂಡೊಡನೆ, ಭಾವನೆಗಳ ಹೊರತು ಬೇರೇನೂ ಇಲ್ಲವೆಂದೂ ಜಗತ್ತು ಅನಿಸಿಕೆಗಳಿಂದಲೂ ಸುಖದುಃಖಗಳಿಂದಲೂ ಆದುದೆಂದೂ ಪ್ರವಾದಿಯಂತೆ ಘೋಷಿಸಿದನಂತೆ. ವಿಜ್ಞಾನವಾದಿಗಳಾದ ಬೌದ್ಧರು ಹಲವು ಶತಮಾನಗಳ ತರ್ಕದಿಂದ ಸಾಧಿಸಹೊರಟ ಸಿದ್ಧಾಂತಕ್ಕೆ ಡೇವಿಯು ಒಂದು ಚೀಲದ ಗಾಳಿಯಿಂದ ಬಂದು ಮುಟ್ಟಿದನು! ಆದರೆ ಹೇತುವಿಲ್ಲದ ನಿಗಮನವು ನಿಗಮನವಲ್ಲ ಎಂಬುದನ್ನು ನಾವು ಮರೆಯಬಾರದು.

ಡೇವಿಯು ಉತ್ಸಾಹಿಯಾಗಿದ್ದರೂ ಅವಿವೇಕಿಯಾಗಿರಲಿಲ್ಲ. ಅದೇ ೧೭೯೯ರಲ್ಲಿ, ಬ್ರಿಸ್ಟಲಿಗೆ ಸಮೀಪದ ಬಾತ್ ನಗರದಲ್ಲಿ ಜಾನ್ ಹೇಗಾರ್ತ್ ಎಂಬ ವೈದ್ಯನು, ನೋವನ್ನು ಸೆಳೆದುಹಾಕುವುದೆಂದು ಪ್ರಚಾರದಲ್ಲಿದ್ದ ಲೋಹದ ಕಡ್ಡಿಗಳಿಗೆ ಬದಲಾಗಿ ಬಣ್ಣ ಬಳಿದ ಮರದ ಕಡ್ಡಿಗಳನ್ನು ಉಪಯೋಗಿಸಿ, ಅವುಗಳಿಂದಲೂ ಅಷ್ಟೇ ಗುಣವಾಗುವುದನ್ನು ತೋರಿಸಿ, ಕಲ್ಪನೆಯ ಬಲವನ್ನು ಬಯಲಿಗೆಳೆದಿದ್ದನು. ಡೇವಿಯೂ ಕೆಲವರಿಗೆ ತಿಳಿಸದೆ ಸಾಮಾನ್ಯವಾಯುವನ್ನೇ ಕೊಟ್ಟು, ಫಲವು ಅನಿಲದ್ದೋ ನಿರೀಕ್ಷೆಯದ್ದೋ ಎಂಬುದನ್ನು ವಿಂಗಡಿಸಲು ಯತ್ನಿಸಿದನು. ಮದ್ಯದ ಮದಕ್ಕೂ ಅನಿಲದ ಮದಕ್ಕೂ ಇರುವ ಸಂಬಂಧವನ್ನರಿಯಲು ಎಂಟು ನಿಮಿಷಗಳೊಳಗಾಗಿ ಒಂದು ಸೀಸೆ ದ್ರಾಕ್ಷಾಮದ್ಯವನ್ನು ಕುಡಿದೂ ನೋಡಿದನು.

೪. ನಲವತ್ತನಾಲ್ಕು ವರ್ಷಗಳ ವಿಳಂಬ

ಇಲ್ಲಿ ಇತಿಹಾಸದ ಒಂದು ದೊಡ್ಡ ಆಶ್ಚರ್ಯವಿದೆ. ಡೇವಿಗೆ ದವಡೆಯ ಕಡೆಯ ಹಲ್ಲು ಮೂಡುತ್ತ ಒಸಡು ಊದಿಕೊಂಡು ಬಹಳ ನೋವಾಗುತ್ತಿದ್ದಾಗ ಈ ಅನಿಲವನ್ನು ಸೇವಿಸಿದನು. ನಾಲ್ಕಾರು ಉಸಿರುಗಳಲ್ಲಿ ನೋವು ಕಡಮೆಯಾಗಿ, ಅನಿಲದ ಫಲ ತೀರಿದ ಮೇಲೆ ಹಿಂದಿರುಗಿ ಬಂದಿತು. ಇದನ್ನು ಗ್ರಂಥದಲ್ಲಿ ದಾಖಲಿಸಿ, ರಕ್ತಸ್ರಾವವು ಹೆಚ್ಚಾಗದಂಥ ಶಸ್ತ್ರಕರ್ಮಗಳಲ್ಲಿ ಇದನ್ನು ಉಪಯೋಗಿಸಬಹುದೆಂದು ೧೮೦೦ರಲ್ಲಿಯೇ ಸೂಚಿಸಿದನು. ಆದರೂ ೧೮೪೪ರವರೆಗೆ ಯಾರೂ ಆ ಸೂಚನೆಯನ್ನು ಕಾರ್ಯರೂಪಕ್ಕೆ ತರಲಿಲ್ಲ. ಆ ಅವಧಿಯಲ್ಲಿ ಶಸ್ತ್ರವೈದ್ಯನ ಮೇಜಿನ ಮೇಲೆ ನರಳಿದವರ ಲೆಕ್ಕವನ್ನು ಯಾರು ತಾನೇ ಇಡಬಲ್ಲರು?

ಈ ವಿಳಂಬಕ್ಕೆ ಕಾರಣವೇನು? ಡೇವಿಯು ೧೮೦೧ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಹೋಗಿ ಬೇರೆ ಸಂಶೋಧನೆಗಳಲ್ಲಿ ತೊಡಗಿದನು. ಇದು ಒಂದು ಕಾರಣ. ಆದರೆ ಮುಖ್ಯವಾದುದು ಬೇರೆ ಇರುವಂತೆ ನನಗೆ ತೋರುತ್ತದೆ. ಅಲ್ಪಮಾತ್ರೆಯಲ್ಲಿ ಹುಟ್ಟುವ ಹರ್ಷವೇ ನೋವಿನ ನಾಶವನ್ನು ಮರೆಮಾಡಿತು. ನೋಡುವವರ ಕಣ್ಣಿಗೆ ಬಿದ್ದುದು ನಗು, ಕುಣಿತ, ವಿಚಿತ್ರವಾದ ಮಾತು. ಅವುಗಳ ನಡುವೆ ನೋವು ಇಲ್ಲದಿರುವುದನ್ನು ಯಾರೂ ಲಕ್ಷಿಸಲಿಲ್ಲ. ಅಭಾವವನ್ನು ಗ್ರಹಿಸುವುದು ಭಾವವನ್ನು ಗ್ರಹಿಸುವುದಕ್ಕಿಂತ ಕಷ್ಟ. ಇದ್ದಿದ್ದರೆ ಕಾಣಬೇಕಾಗಿತ್ತು ಎಂಬ ವಿಚಾರವು ಹುಟ್ಟಿದವನಿಗೇ ಅನುಪಲಬ್ಧಿಯು ಪ್ರಮಾಣವಾಗುವುದು. ೧೮೦೨ರಲ್ಲಿ ಗಿಲ್‌ರೇ ಎಂಬ ವ್ಯಂಗ್ಯಚಿತ್ರಕಾರನು ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸಭೆಯನ್ನೇ ನಗೆಗೀಡುಮಾಡಿ ಚಿತ್ರಿಸಿದನು. ಬಳಿಕ ಈ ಅನಿಲವು ಜಾತ್ರೆಯ ವಿನೋದವಾಯಿತು. ಅಮೆರಿಕದ ತರುಣರಲ್ಲಿ ಈಥರ್ ಆವಿಯ ಕೂಟಗಳು ಹಬ್ಬಿದುವು.

ಕೊನೆಗೆ ಈ ವಿನೋದಗಳಲ್ಲಿಯೇ ಒಬ್ಬಿಬ್ಬರ ಕಣ್ಣು ತೆರೆಯಿತು. ಜಾರ್ಜಿಯ ಸೀಮೆಯ ಕ್ರಾಫರ್ಡ್ ಲಾಂಗ್ ಎಂಬ ವೈದ್ಯನು, ಕೂಟಗಳಲ್ಲಿ ಬಿದ್ದು ಏಟುತಿಂದವರಿಗೆ ನೋವಾಗದಿದ್ದುದನ್ನು ಗಮನಿಸಿ, ೧೮೪೨ರ ಮಾರ್ಚ್ ೩೦ರಂದು ಈಥರನ್ನು ಕೊಟ್ಟು ಒಂದು ಗಡ್ಡೆಯನ್ನು ಕೊಯ್ದು ತೆಗೆದನು. ಆದರೆ ೧೮೪೯ರವರೆಗೆ ಅದನ್ನು ಪ್ರಕಟಿಸಲಿಲ್ಲ. ೧೮೪೪ರ ಡಿಸೆಂಬರ್ ೧೦ರಂದು ಹಾರ್ಟ್‌ಫರ್ಡ್ ನಗರದಲ್ಲಿ ನಡೆದ ನಗೆಗಾಳಿಯ ಪ್ರದರ್ಶನದಲ್ಲಿ ಒಬ್ಬನು ಕಾಲಿಗೆ ಗಾಯಮಾಡಿಕೊಂಡೂ ಅದನ್ನರಿಯದಿದ್ದುದನ್ನು ಹೊರೇಸ್ ವೆಲ್ಸ್ ಎಂಬ ದಂತವೈದ್ಯನು ಕಂಡು, ಮರುದಿನವೇ ಅನಿಲವನ್ನು ಸೇವಿಸಿ ತನ್ನ ಹಲ್ಲನ್ನು ಕೀಳಿಸಿಕೊಂಡನು. ಆದರೆ ೧೮೪೫ರಲ್ಲಿ ಬಾಸ್ಟನ್ ನಗರದ ಸಭೆಯೊಂದರಲ್ಲಿ ಅವನು ತೋರಿಸಿದ ಪ್ರಯೋಗದಲ್ಲಿ ರೋಗಿಯು ಕೂಗಿಕೊಂಡುದರಿಂದ ನೆರೆದವರು ಹಾಸ್ಯಮಾಡಿದರು. ಚೀಲವನ್ನು ಬೇಗನೆ ತೆಗೆದುದೇ ಅದಕ್ಕೆ ಕಾರಣವೆಂದು ವೆಲ್ಸನು ಹೇಳಿದನು, ಎಂದರೆ ಅಲ್ಪಮಾತ್ರೆ! ೧೮೪೬ರ ಅಕ್ಟೋಬರ್ ೧೬ರಂದು ಅದೇ ನಗರದಲ್ಲಿ ಮಾರ್ಟನ್ ಎಂಬವನು ಈಥರನ್ನು ಕೊಟ್ಟು ಯಶಸ್ವಿಯಾದನು. ೧೮೪೭ರ ನವೆಂಬರಿನಲ್ಲಿ ಎಡಿನ್‌ಬರೋ ನಗರದ ಸಿಂಪ್ಸನ್ನನು ಕ್ಲೋರೋಫಾರಮನ್ನು ಪ್ರಚಾರಕ್ಕೆ ತಂದನು.

ವೆಲ್ಸನ ಕೊನೆಯು ಶೋಚನೀಯವಾದುದು. ೧೮೪೮ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಅವನು ಕ್ಲೋರೋಫಾರಮನ್ನು ದಿನದಿನವೂ ತನ್ನ ಮೇಲೆಯೇ ಪರೀಕ್ಷಿಸುತ್ತ ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡು, ಬೀದಿಯಲ್ಲಿ ಹೆಂಗಸರ ಮೇಲೆ ಆಮ್ಲವನ್ನೆರಚಿ ಸೆರೆಗೆ ಬಿದ್ದು, ಅಲ್ಲಿಯೇ ಪ್ರಾಣವನ್ನು ನೀಗಿಕೊಂಡನು. ಸೌಮ್ಯನೆಂದು ಹೆಸರಾಗಿದ್ದವನ ಈ ಅವಸ್ಥೆಯನ್ನು ನೋಡಿದರೆ, ಇಂಥ ದ್ರವ್ಯಗಳ ಮನೋವಿಕಾರವು ನಗುವೊಂದರಲ್ಲೇ ಮುಗಿಯುವುದಿಲ್ಲವೆಂಬುದು ವಿದಿತವಾಗುತ್ತದೆ.

ಈ ಗೊಂದಲದ ನಡುವೆ ಕ್ರಮವನ್ನು ತಂದವನು ಲಂಡನ್ನಿನ ಜಾನ್ ಸ್ನೋ. ೧೮೪೭ರ ತನ್ನ ಗ್ರಂಥದಲ್ಲಿ ಅವನು ಈಥರಿನ ಫಲವನ್ನು ಐದು ಅವಸ್ಥೆಗಳಾಗಿ ವಿಭಾಗಿಸಿದನು. ಮೊದಲನೆಯದರಲ್ಲಿ ಎಚ್ಚರವಿದ್ದರೂ ಅನುಭವ ಮಾರ್ಪಟ್ಟಿರುತ್ತದೆ. ಎರಡನೆಯದರಲ್ಲಿ ಮನೋವ್ಯಾಪಾರವೂ ಚೇಷ್ಟೆಗಳೂ ಉಂಟು, ಆದರೆ ಅವು ಅಸ್ತವ್ಯಸ್ತ. ಮೂರನೆಯದರಿಂದ ಮುಂದೆ ಇಚ್ಛಾಪೂರ್ವಕವಾದ ಚೇಷ್ಟೆಯಿಲ್ಲ. ಚರಕನ ಮೂರು ಮದಗಳನ್ನು ಓದಿದವರಿಗೆ ಈ ಕ್ರಮವು ಹೊಸದಾಗಿ ಕಾಣದು. ೧೮೫೩ರ ಏಪ್ರಿಲ್ ೭ರಂದು ವಿಕ್ಟೋರಿಯಾ ರಾಣಿಯ ಪ್ರಸವಕಾಲದಲ್ಲಿ ಸ್ನೋ ಕೊಟ್ಟುದು ಎಚ್ಚರ ತಪ್ಪಿಸದ ಅಲ್ಪಮಾತ್ರೆಯ ಕ್ಲೋರೋಫಾರಮನ್ನೇ.

೫. ಮತ್ತನ ಅನುಭವಕ್ಕೆ ಪ್ರಾಮಾಣ್ಯವುಂಟೆ?

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇನ್ನೊಂದು ಪ್ರಶ್ನೆ ತಲೆದೋರಿತು. ಅರಿವು ಅಳಿಯುವ ಅಂಚಿನಲ್ಲಿ ಪರಮಸತ್ಯವು ತಮಗೆ ಹೊಳೆಯಿತೆಂದು ಕೆಲವರು ಹೇಳತೊಡಗಿದರು. ಬೆಂಜಮಿನ್ ಪಾಲ್ ಬ್ಲಡ್ ಎಂಬವನು ೧೮೭೪ರಲ್ಲಿ ಈ ವಿಷಯವಾಗಿಯೇ ಒಂದು ಪುಸ್ತಿಕೆಯನ್ನು ಪ್ರಕಟಿಸಿದನು. ಮೇಲೆ ಹೇಳಿದ ಹೋಮ್ಸನು ತನ್ನ ಅನುಭವವನ್ನು ವಿನೋದವಾಗಿ ನಿರೂಪಿಸಿರುವನು: ಈಥರಿನ ಮಂಪರಿನಲ್ಲಿ ವಿಶ್ವರಹಸ್ಯವೇ ಹೊಳೆದಂತಾಗಿ, ಅದನ್ನು ಬಿಡಬಾರದೆಂದು ತಡವರಿಸುತ್ತ ಕಾಗದದ ಮೇಲೆ ಬರೆದನಂತೆ, ಎಚ್ಚರವಾದ ಮೇಲೆ ನೋಡಿದರೆ ಅಲ್ಲಿದ್ದುದು ಟರ್ಪೆಂಟೈನ್ ಎಣ್ಣೆಯ ವಾಸನೆಯನ್ನು ಕುರಿತ ಒಂದು ವಾಕ್ಯ ಮಾತ್ರ! ಮನಶ್ಶಾಸ್ತ್ರಜ್ಞನಾದ ವಿಲಿಯಂ ಜೇಮ್ಸ್ ೧೮೮೨ರಲ್ಲಿ ನಗೆಗಾಳಿಯನ್ನು ಸೇವಿಸಿ ಬರೆದ ಹಾಳೆಗಳ ವಿಷಯದಲ್ಲಿಯೂ ಇದೇ ಮಾತನ್ನೊಪ್ಪಿಕೊಂಡಿರುವನು. ಬರೆಯುವಾಗ ಬೆಂಕಿಯಂತೆ ಬೆಳಗಿದುದು ಓದುವಾಗ ಅರ್ಥಶೂನ್ಯವಾಗಿ ತೋರಿತು. ಆದರೂ ಆ ಅನುಭವವನ್ನು ಅವನು ಪೂರ್ತಿಯಾಗಿ ತಳ್ಳಿಹಾಕಲಿಲ್ಲ.

ಗೌತಮನ ನ್ಯಾಯಸೂತ್ರವು ಪ್ರತ್ಯಕ್ಷವನ್ನು ಲಕ್ಷಿಸುವಾಗ ಅದು ಅವ್ಯಭಿಚಾರಿಯಾಗಿರಬೇಕೆಂದು ವಿಶೇಷಣವನ್ನಿಟ್ಟಿದೆ. ಕರಣದಲ್ಲಿ ದೋಷವಿದ್ದರೆ ಜ್ಞಾನದಲ್ಲಿಯೂ ದೋಷ. ಕಾಮಾಲೆಯಾದವನಿಗೆ ಶಂಖವು ಹಳದಿ. ಆದರೆ ‘ನನಗೆ ಹಳದಿಯಾಗಿ ತೋರುತ್ತಿದೆ’ ಎಂಬ ಅನುವ್ಯವಸಾಯದಲ್ಲಿ ದೋಷವಿಲ್ಲ. ಈ ಭೇದವನ್ನು ಇಲ್ಲಿ ಹಿಡಿಯಬೇಕು. ‘ನನಗೆ ಹರ್ಷವಾಗುತ್ತಿದೆ’ ಎಂದು ಮತ್ತನು ಹೇಳಿದರೆ ಅದು ಅವನ ಹರ್ಷಕ್ಕೆ ಪ್ರಮಾಣ. ‘ಜಗತ್ತೆಲ್ಲ ಭಾವನೆಯೇ’ ಎಂದರೆ ಅದು ಜಗತ್ತಿನ ವಿಷಯದಲ್ಲಿ ಪ್ರಮಾಣವಲ್ಲ. ‘ನಾನು ಎಂದಿನಂತೆಯೇ ಕೆಲಸಮಾಡಬಲ್ಲೆ’ ಎಂದರೆ ಅದನ್ನು ಎಂದಿಗೂ ನಂಬತಕ್ಕದ್ದಲ್ಲ, ಕೆಲಸವನ್ನು ಮಾಡಿಸಿಯೇ ನೋಡಬೇಕು.

೬. ಹೈದರಾಬಾದಿನ ನಿರ್ಣಯ

ಈ ಇತಿಹಾಸದ ಒಂದು ಅಧ್ಯಾಯವು ನಮ್ಮ ನೆರೆಯಲ್ಲಿಯೇ ನಡೆಯಿತು. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಆಗ ಸೇರಿದ್ದ ನಿಜಾಮರ ರಾಜ್ಯದ ರಾಜಧಾನಿಯಲ್ಲಿ, ಎಡ್ವರ್ಡ್ ಲಾರಿ ಎಂಬ ಶಸ್ತ್ರವೈದ್ಯನ ಪ್ರೇರಣೆಯಿಂದ, ೧೮೮೮ರಲ್ಲಿಯೂ ೧೮೮೯ರಲ್ಲಿಯೂ ಎರಡು ಕ್ಲೋರೋಫಾರಂ ಸಮಿತಿಗಳು ಕುಳಿತುವು. ನಿಜಾಮರು ಹಣವನ್ನು ಒದಗಿಸಿದರು. ಎರಡನೆಯ ಸಮಿತಿಗೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದನು. ಕ್ಲೋರೋಫಾರಮಿನಿಂದ ಸಾಯುವವರಲ್ಲಿ ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬುದು ವಿವಾದ. ನೂರಾರು ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸಿ, ಉಸಿರೇ ಮೊದಲು ನಿಲ್ಲುವುದೆಂದೂ, ಉಸಿರನ್ನು ಕಾದುಕೊಂಡರೆ ಭಯವಿಲ್ಲವೆಂದೂ ಸಮಿತಿಯು ನಿರ್ಣಯಿಸಿತು.

ಆದರೆ ೧೯೧೧ರಲ್ಲಿ ಗುಡ್‌ಮನ್ ಲೆವಿ ಎಂಬವರು ಬೇರೊಂದನ್ನು ತೋರಿಸಿಕೊಟ್ಟರು. ಕ್ಲೋರೋಫಾರಮಿನ ಮಾತ್ರೆಯು ಹಗುರವಾಗಿರುವಾಗಲೇ, ದೇಹದಲ್ಲಿ ಅಡ್ರಿನಲಿನ್ ಹೆಚ್ಚಿದರೆ, ಹೃದಯವು ಕ್ರಮತಪ್ಪಿ ನಡುಗಿ ಒಮ್ಮೆಲೇ ನಿಲ್ಲಬಹುದು. ಹೆದರಿದ ರೋಗಿಯ ದೇಹದಲ್ಲಿ ಅಡ್ರಿನಲಿನ್ ಹೆಚ್ಚುವುದು ಸಹಜ. ಹೀಗಾಗಿ ಸ್ವಲ್ಪವೇ ಕೊಟ್ಟರೆ ಕ್ಷೇಮವೆಂಬ ನಂಬಿಕೆಯೇ ಅಪಾಯಕರವಾಗಿತ್ತು. ಹೈದರಾಬಾದಿನವರು ಕಂಡುದು ಸುಳ್ಳಲ್ಲ. ಅದು ಅತಿಮಾತ್ರೆಯಲ್ಲಿ ಮಾತ್ರ ಸತ್ಯ. ನಮ್ಮ ತಾರ್ಕಿಕರು ಇದನ್ನು ಉಪಾಧಿಯೆನ್ನುವರು. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದು ವ್ಯಾಪ್ತಿಯನ್ನು ಹೇಳಿದರೆ, ಹಸಿಯ ಕಟ್ಟಿಗೆಯ ಸಂಯೋಗವು ಅಲ್ಲಿ ಉಪಾಧಿ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ‘ಕ್ಲೋರೋಫಾರಮಿನ ಮರಣದಲ್ಲಿ ಉಸಿರೇ ಮೊದಲು ನಿಲ್ಲುವುದು’ ಎಂಬ ವ್ಯಾಪ್ತಿಯಲ್ಲಿ ಅತಿಮಾತ್ರೆಯೇ ಉಪಾಧಿ. ಅದನ್ನು ಗುರುತಿಸದೆ ಹೋದುದಕ್ಕೆ ರೋಗಿಗಳು ಬೆಲೆತೆತ್ತರು.

೭. ಅಳತೆಯ ಕಾಲ

ಇಪ್ಪತ್ತನೆಯ ಶತಮಾನದಲ್ಲಿ ಅನುಭವಗಳ ವರ್ಣನೆಗೆ ಬದಲಾಗಿ ಅಳತೆಯು ಬಂದಿತು. ೧೯೩೫ರಲ್ಲಿ ಬೆಂಕಿ ಮೊದಲಾದ ಅಮೆರಿಕದ ನೌಕಾದಳದ ಸಂಶೋಧಕರು, ನಾಲ್ಕು ವಾಯುಮಂಡಲಗಳ ಒತ್ತಡದಲ್ಲಿ ನಾವು ನಿತ್ಯವೂ ಉಸಿರಾಡುವ ಗಾಳಿಯೇ ಹರ್ಷವನ್ನೂ ಬುದ್ಧಿಮಾಂದ್ಯವನ್ನೂ ಉಂಟುಮಾಡುವುದೆಂದು ವರದಿಮಾಡಿ, ಅದಕ್ಕೆ ನೈಟ್ರೋಜನ್ ಕಾರಣವೆಂದರು. ೧೯೫೪ರಲ್ಲಿ ಲಂಡನ್ನಿನ ಹನ್ನಾ ಸ್ಟೈನ್‌ಬರ್ಗ್ ಎಂಬ ವಿದುಷಿಯು ನಗೆಗಾಳಿಯನ್ನು ಸೇವಿಸಿದವರಿಂದ ನಾನಾ ಬಗೆಯ ಬುದ್ಧಿಯ ಕೆಲಸಗಳನ್ನು ಮಾಡಿಸಿ, ಅವು ಎಷ್ಟೆಷ್ಟು ಕೆಡುವುವೆಂಬುದನ್ನು ಅಳೆದು ಪ್ರಕಟಿಸಿದರು. ೧೯೬೦ರ ದಶಕದಲ್ಲಿ ಎಡ್ಮಂಡ್ ಈಗರ್ ಮೊದಲಾದವರು, ಚರ್ಮವನ್ನು ಕೊಯ್ದರೂ ನೂರರಲ್ಲಿ ಐವತ್ತು ಮಂದಿ ಅಲುಗದಿರುವ ಪ್ರಮಾಣವನ್ನು ಪ್ರತಿಯೊಂದು ಅನಿಲಕ್ಕೂ ನಿಶ್ಚಯಿಸುವ ಮಾನವನ್ನು ಸ್ಥಾಪಿಸಿದರು. ಆ ಮಾನದಂತೆ ನಗೆಗಾಳಿಯದು ಸುಮಾರು ಶೇಕಡಾ ೧೦೪. ಎಂದರೆ ಸಾಮಾನ್ಯವಾದ ಒತ್ತಡದಲ್ಲಿ, ಆಮ್ಲಜನಕವೂ ಬೇಕಾಗಿರುವಾಗ, ಅದೊಂದರಿಂದಲೇ ಪೂರ್ಣವಾದ ಅರಿವಳಿಕೆಯು ಸಾಧ್ಯವಿಲ್ಲ. ವೆಲ್ಸನ ಸೋಲಿಗೆ ದ್ರವ್ಯದ ಸ್ವಭಾವವೂ ಕಾರಣವಾಗಿತ್ತೆಂಬುದು ಇದರಿಂದ ಸ್ಪಷ್ಟಪಡುತ್ತದೆ.

೧೯೯೭ರಲ್ಲಿ ಷಿಕಾಗೋ ನಗರದ ಸಂಶೋಧಕರು ನಗೆಗಾಳಿಯನ್ನೂ ಸೆವೋಫ್ಲೂರೇನ್ ಎಂಬ ಹೊಸ ಆವಿಯನ್ನೂ ಸಮಾನಬಲದ ಅಲ್ಪಮಾತ್ರೆಗಳಲ್ಲಿ ಹೋಲಿಸಿದರು. ಸೆವೋಫ್ಲೂರೇನ್ ಕೈಚಳಕವನ್ನೂ ನೆನಪನ್ನೂ ಹೆಚ್ಚಾಗಿ ಕೆಡಿಸಿತು. ನೋವನ್ನು ತಗ್ಗಿಸುವುದರಲ್ಲಿ ನಗೆಗಾಳಿಯೇ ಮೇಲಾಯಿತು. ಆದುದರಿಂದ ಅರಿವಳಿಕೆಯೆಂಬುದು ಒಂದೇ ಗುಣವಲ್ಲ. ನೋವಿನ ನಾಶ, ನೆನಪಿನ ನಾಶ, ಚಿತ್ತದ ವಿಕಾರ, ಚೇಷ್ಟೆಯ ಮಾಂದ್ಯ ಇವು ಬೇರೆಬೇರೆ ಗುಣಗಳು. ದ್ರವ್ಯಭೇದದಿಂದ ಅವುಗಳ ತಾರತಮ್ಯವೂ ಬೇರೆ.

ಇನ್ನು ಅತ್ಯಲ್ಪಮಾತ್ರೆಯ ವಿಚಾರ. ಶಸ್ತ್ರಚಿಕಿತ್ಸಾಲಯಗಳಲ್ಲಿ ದಿನವಿಡೀ ಕೆಲಸಮಾಡುವ ವೈದ್ಯರೂ ದಾದಿಯರೂ ಸೋರಿದ ಅನಿಲವನ್ನು ಅರಿಯದೆಯೇ ಸೇವಿಸುವರು. ಅದರಿಂದ ಅವರ ಬುದ್ಧಿಯೂ ಕೈಯೂ ಮಂದವಾಗುವುವೆ? ಆದರೆ ರೋಗಿಯ ಗತಿಯೇನು? ೧೯೭೪ರಲ್ಲಿ ಡೇವಿಡ್ ಬ್ರೂಸ್ ಮತ್ತು ಅವರ ಸಂಗಡಿಗರು, ಹತ್ತು ಲಕ್ಷದಲ್ಲಿ ೫೦೦ ಭಾಗ ನಗೆಗಾಳಿಯೂ ೧೫ ಭಾಗ ಹಾಲೋಥೇನ್ ಎಂಬ ಆವಿಯೂ ಸೇರಿದ ವಾಯುವನ್ನು ನಾಲ್ಕು ಗಂಟೆಗಳ ಕಾಲ ಸೇವಿಸಿದವರ ಕಾರ್ಯಪಟುತ್ವವು ಕುಗ್ಗುವುದೆಂದು ಪ್ರಕಟಿಸಿದರು. ಮುಂದಿನ ಪರೀಕ್ಷೆಗಳಲ್ಲಿ ಇನ್ನೂ ಕಡಮೆಯಾದ ಪ್ರಮಾಣದಲ್ಲಿಯೂ ಕೆಲವು ದೋಷಗಳು ಕಂಡವೆಂದರು. ಇವನ್ನು ಮುಖ್ಯವಾಗಿ ಆಧರಿಸಿ, ಅಮೆರಿಕದ ಉದ್ಯೋಗಾರೋಗ್ಯಸಂಸ್ಥೆಯು ೧೯೭೭ರಲ್ಲಿ ಹತ್ತು ಲಕ್ಷದಲ್ಲಿ ೨೫ ಭಾಗವನ್ನು ನಗೆಗಾಳಿಯ ಮಿತಿಯಾಗಿ ಶಿಫಾರಸು ಮಾಡಿತು. ಆದರೆ ಬೇರೆಯವರು ಅದೇ ಪರೀಕ್ಷೆಯನ್ನು ನಡೆಸಿದಾಗ ಅದೇ ಫಲವು ದೊರೆಯಲಿಲ್ಲ.

ಇಲ್ಲಿಯೇ ಈ ಇತಿಹಾಸದ ಅತ್ಯಂತ ಗೌರವಾರ್ಹವಾದ ಘಟನೆ ಬರುವುದು. ಪರೀಕ್ಷೆಯ ಫಲವು ಆಯ್ದ ಜನರನ್ನವಲಂಬಿಸಿರಬಹುದೆಂದು ಬ್ರೂಸ್ ಅವರೇ ೧೯೮೩ರಲ್ಲಿ ಸೂಚಿಸಿದರು. ೧೯೯೧ರಲ್ಲಿ, ತಮ್ಮ ನಿರ್ಣಯವು ತಪ್ಪೆಂದೂ, ಜನರ ಆಯ್ಕೆಯಲ್ಲಿ ತಮಗರಿಯದಂತೆ ದೋಷ ಸೇರಿತ್ತೆಂದೂ ವೈದ್ಯಪತ್ರಿಕೆಯಲ್ಲಿ ಪ್ರಕಟವಾಗಿ ಒಪ್ಪಿಕೊಂಡರು. ಪರೀಕ್ಷೆಗೊಳಗಾದವರ ವಿಶಿಷ್ಟಪ್ರಕೃತಿಯೇ ಇಲ್ಲಿಯ ಉಪಾಧಿ. ಹೈದರಾಬಾದಿನಲ್ಲಿ ಮಾತ್ರೆಯು ಉಪಾಧಿಯಾದರೆ ಇಲ್ಲಿ ಮನುಷ್ಯನು ಉಪಾಧಿಯಾದನು. ಅಲ್ಲಿ ಅದನ್ನು ಬೇರೆಯವರು ತೋರಿಸಬೇಕಾಯಿತು. ಇಲ್ಲಿ ಕರ್ತೃವೇ ತೋರಿಸಿದರು. ತನ್ನ ಪಕ್ಷವು ಬಿದ್ದುದನ್ನು ತಾನೇ ಸಾರುವುದು ನಮ್ಮ ವಾದಸಭೆಗಳಲ್ಲಿಯೂ ಅಪರೂಪವೇ ಸರಿ. ಹಾಗೆಂದು ಚಿಕಿತ್ಸಾಲಯದ ಗ್ರಾಹಕಯಂತ್ರಗಳು ವ್ಯರ್ಥವೆಂದು ತಿಳಿಯಬಾರದು. ದೀರ್ಘಕಾಲ ಪುನಃಪುನಃ ಸೇವಿಸಿದರೆ ನಗೆಗಾಳಿಯು ದೇಹದಲ್ಲಿಯ ಬಿ-೧೨ ಜೀವಸತ್ವವನ್ನು ನಿಷ್ಕ್ರಿಯಗೊಳಿಸಿ ನರಗಳನ್ನು ಕೆಡಿಸುವುದೆಂಬುದು ೧೯೭೮ರಿಂದ ಈಚೆಗೆ ಬೇರೆ ಪ್ರಮಾಣಗಳಿಂದ ಸಿದ್ಧವಾಗಿದೆ. ಒಂದು ಹೇತು ದುಷ್ಟವಾದ ಮಾತ್ರಕ್ಕೆ ಸಾಧ್ಯವೇ ಇಲ್ಲವೆನ್ನಲಾಗದು.

೮. ಉಪಸಂಹಾರ

ಬೆಡೋಸನು ಅನಿಲಗಳಿಂದ ರೋಗವನ್ನು ಗುಣಪಡಿಸುವೆನೆಂದು ಹೊರಟು ವಿಫಲನಾದನು. ಕಾಲಚಕ್ರವು ತಿರುಗಿ ಆ ಆಶೆಯು ಬೇರೊಂದು ರೂಪದಲ್ಲಿ ಮತ್ತೆ ತಲೆಯೆತ್ತಿದೆ. ೨೦೧೫ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವೈದ್ಯರು, ಬೇರೆ ಔಷಧಗಳಿಗೆ ಬಗ್ಗದ ವಿಷಾದರೋಗವುಳ್ಳ ೨೦ ಮಂದಿಗೆ ಶೇಕಡಾ ೫೦ರ ನಗೆಗಾಳಿಯನ್ನು ಒಂದು ಗಂಟೆ ಕೊಟ್ಟು ಸುಧಾರಣೆಯನ್ನು ಕಂಡರು. ೨೦೨೧ರಲ್ಲಿ ಪ್ರಕಟವಾದ ಎರಡನೆಯ ಪರೀಕ್ಷೆಯಲ್ಲಿ ೨೪ ಮಂದಿಗೆ ಶೇಕಡಾ ೨೫ನ್ನೂ ಶೇಕಡಾ ೫೦ನ್ನೂ ಕೊಟ್ಟು ಹೋಲಿಸಲಾಗಿ, ಅರ್ಧಮಾತ್ರೆಯು ಹೆಚ್ಚು ಕಡಮೆ ಅಷ್ಟೇ ಫಲವನ್ನು, ಬಹಳ ಕಡಮೆಯಾದ ಉಪದ್ರವದೊಡನೆ, ಕೊಟ್ಟಿತು. ಜನರ ಸಂಖ್ಯೆ ಅತ್ಯಲ್ಪ. ಬ್ರಿಸ್ಟಲಿನ ಉತ್ಸಾಹವನ್ನೂ ೧೯೭೪ರ ಪ್ರಮಾದವನ್ನೂ ಬಲ್ಲವರು ಈ ಫಲವನ್ನು ಆಶೆಯಿಂದ ಕೇಳಬೇಕು, ಆತುರದಿಂದ ಒಪ್ಪಬಾರದು.

ಇಷ್ಟರಿಂದ ನಾನು ಹೇಳಬೇಕಾದುದನ್ನು ಹೀಗೆ ಸಂಗ್ರಹಿಸಬಹುದು. ಅಲ್ಪಮಾತ್ರೆಯ ಅರಿವಳಿಕೆಯಲ್ಲಿ ಹರ್ಷವು ನಿಯತವಾದ ಫಲವಲ್ಲ. ಅದು ಮಾತ್ರೆ, ದ್ರವ್ಯ, ಪ್ರಕೃತಿ, ನಿರೀಕ್ಷೆ ಈ ನಾಲ್ಕನ್ನೂ ಅನುಸರಿಸುತ್ತದೆ. ಕಾರ್ಯಪಟುತ್ವವು ಕುಗ್ಗುವುದು ಮಾತ್ರೆಯು ಒಂದು ಮಟ್ಟವನ್ನು ಮೀರಿದ ಮೇಲೆ ನಿಶ್ಚಿತ. ಆದರೆ ಸೇವಿಸಿದವನಿಗೆ ಅದು ತಿಳಿಯದೆ ಹೋಗಬಹುದು. ಆದುದರಿಂದ ಅವನ ಸುಖವನ್ನು ಅವನ ಮಾತಿನಿಂದಲೂ ಅವನ ಶಕ್ತಿಯನ್ನು ಅವನ ಕೆಲಸದಿಂದಲೂ ತಿಳಿಯತಕ್ಕದ್ದು. ನಲವತ್ತನಾಲ್ಕು ವರ್ಷಗಳ ಕಾಲ ಜನರು ನಗುವನ್ನು ನೋಡಿ ನೋವಿನ ಅಭಾವವನ್ನು ಕಾಣದೆ ಹೋದರು. ಎದ್ದು ಕಾಣುವ ಅಲಂಕಾರದಲ್ಲಿ ಮೈಮರೆತು ಧ್ವನಿಯನ್ನು ಕೇಳದೆಹೋಗುವ ಓದುಗನ ಸ್ಥಿತಿಯೂ ಇಂಥದೇ. ಮದವನ್ನು ಕುರಿತು ಪಾಠಹೇಳುವಾಗ ನಾವು ಅದನ್ನು ವ್ಯಭಿಚಾರಿಭಾವಗಳ ಪಟ್ಟಿಯ ಒಂದು ಹೆಸರಾಗಿ ಮಾತ್ರ ಹೇಳಿ ಮುಗಿಸದೆ, ಪೂರ್ವಿಕರು ಅಲ್ಲಿ ಸೂಚಿಸಿರುವ ಅವಸ್ಥಾಭೇದವನ್ನೂ ಪ್ರಕೃತಿಭೇದವನ್ನೂ ವಿದ್ಯಾರ್ಥಿಗಳ ಮನಸ್ಸಿಗೆ ತರುವುದು ಯುಕ್ತವೆಂದು ತೋರುತ್ತದೆ. ‘ಅರಿವಳಿಕೆ’ ಎಂಬ ಪದವು ಪೂರ್ಣಮಾತ್ರೆಗೆ ಒಪ್ಪುವುದು. ಅಲ್ಪಮಾತ್ರೆಯ ಅವಸ್ಥೆಗೆ ‘ಅರಿಮರುಳು’ ಎಂಬಂತಹ ಬೇರೊಂದು ಪದವು ಬೇಕೆ ಎಂಬುದನ್ನು ಶಬ್ದಶಾಸ್ತ್ರಜ್ಞರಾದ ವಿದ್ವಾಂಸರು ವಿಚಾರಮಾಡಬೇಕಾಗಿ ಪ್ರಾರ್ಥಿಸುತ್ತೇನೆ.